ಸಹಾಯ ಬೇಕು: ಪಿನ್‌ಬಾಲ್ ಮೆಷಿನ್‌ಗೆ ಯಾವ ಎಲ್‌ಇಡಿ ಹಾಕಲಿ?

ಬದಿಯಡ್ಕದಿಂದ ನಮಸ್ಕಾರ. ಮಾವ ಗಲ್ಫ್‌ನಿಂದ ತರಿಸಿದ ಹಳೆಯ ಪಿನ್‌ಬಾಲ್ ಮೆಷಿನ್, ಅಂದರೆ ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಆಟದ ಯಂತ್ರ, ನಮ್ಮ ಚಾವಡಿಯಲ್ಲಿದೆ. (ಅತ್ತೆಯ ಲೆಕ್ಕದಲ್ಲಿ ಅದು ಅಡಿಕೆ ಗೋಣಿ ಇಡುವ ಮೇಜು!) ಒಳಗಿನ ಬಲ್ಬುಗಳು 44 ನಂಬರಿನವು: 6.3 ವೋಲ್ಟ್, ಒಂದೊಂದೂ 250 ಮಿಲಿಆಂಪ್ ಎಳೆಯುತ್ತದೆ. ಆ ಬಿಸಿಗೆ ಎದುರಿನ ಚಿತ್ರದ ಗಾಜಿನ ಬಣ್ಣ ಹಿಂದಿನಿಂದ ಚಕ್ಕೆ ಏಳುತ್ತಿದೆ, ಮುಟ್ಟಿದರೆ ಬೆರಳಿಗೇ ಬರುತ್ತದೆ.

ಕಾಸರಗೋಡು ಪೇಟೆಯಲ್ಲಿ ಸಿಕ್ಕಿದ್ದು 12 ವೋಲ್ಟಿನ ಬೈಕ್ ಬಲ್ಬು ಮಾತ್ರ. ಆನ್‌ಲೈನಲ್ಲಿ ತರಿಸಿದ ನಾಲ್ಕು ಎಲ್‌ಇಡಿಗಳಲ್ಲಿ ಎರಡು, ಆರಬೇಕಾದಾಗಲೂ ಮಂದವಾಗಿ ಮಿಣುಕುತ್ತವೆ. ಉಳಿದೆರಡು ಎಸಿ ಕರೆಂಟಿನ ಲೈನಿನಲ್ಲಿ ನಡುಗುತ್ತವೆ, ಹತ್ತು ನಿಮಿಷಕ್ಕೆ ನನಗೆ ತಲೆನೋವು.

ಈ ಘೋಸ್ಟಿಂಗ್ (ಆರಬೇಕಾದಾಗಲೂ ಮಿಣುಕುವುದು) ಇಲ್ಲದ, ನಡುಗದ ಬಲ್ಬು ಮಂಗಳೂರಿನಲ್ಲಾದರೂ ಸಿಗುತ್ತದಾ? ಕೂಲ್ ವೈಟ್ (ನೀಲಿ ಛಾಯೆಯ ಬಿಳಿ) ಹಾಕಿದರೆ ಕೆಂಪು ಪ್ಲಾಸ್ಟಿಕ್ ಸಪ್ಪೆ ಕಾಣುತ್ತದೆ. ಅಲ್ಲಿಗೆ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಸಾಕಾ, ಕೆಂಪೇ ಬೇಕಾ? ಹಾಕಿ ನೋಡಿದವರು ಹೇಳಿ ಮಾರಾಯ್ರೆ.