ಇಂಗ್ಲೆಂಡ್: ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಹಲ್ಲಿನ ಡಾಕ್ಟರು ಸಿಗ್ತಾ ಇಲ್ಲ, ದಾರಿ ಏನು?

ಹೊಸಬ_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಲೀಡ್ಸ್‌ಗೆ ಬಂದು ಎರಡು ತಿಂಗಳಾಯ್ತು. ನಾನು, ಹೆಂಡತಿ (ಐದು ತಿಂಗಳ ಗರ್ಭಿಣಿ), ಆರು ವರ್ಷದ ಮಗಳು. ಮುಂದಿನ ತಿಂಗಳು ಅಮ್ಮ ವಿಸಿಟರ್ ವೀಸಾದಲ್ಲಿ ಬರ್ತಾರೆ, ಅವರಿಗೆ 63.

ಹೊರಡೋ ಮುಂಚೆ ಮೈಸೂರಲ್ಲಿ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಕ್ಯಾಪ್ ಹಾಕಿಸೋಕೆ ಟೈಮ್ ಸಿಗಲಿಲ್ಲ. ಈಗ ಟೆಂಪರರಿ ಫಿಲ್ಲಿಂಗ್ ಉದುರಿದೆ, ಅಗಿದರೆ ನೋವು. ಒಂಬತ್ತು ಕ್ಲಿನಿಕ್‌ಗೆ ಫೋನ್ ಮಾಡಿದೆ, ಎಲ್ಲರದ್ದೂ ಒಂದೇ ಮಾತು: ಎನ್‌ಎಚ್‌ಎಸ್ ತಗೊಳ್ತಾ ಇಲ್ಲ, ಪ್ರೈವೇಟ್ ಆದ್ರೆ ನಾಳೆಯೇ ಬನ್ನಿ.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಅಂತ ತಲೆಗೆ ವರ್ಷಕ್ಕೆ 1,035 ಪೌಂಡ್ (ಮಗಳಿಗೆ 776) ಕಟ್ಟಿದ್ದೀವಲ್ಲ, ಅದರಲ್ಲಿ ಹಲ್ಲು ಬರಲ್ವಾ? ಅಮ್ಮನಿಗೆ ಏನಾದ್ರೂ ಆದ್ರೆ ಏನು ಮಾಡೋದು?

---

ದಂತಕಥೆ

ಮೊದಲು ಸರ್‌ಚಾರ್ಜ್ ವಿಷಯ. ಅದು ಜಿಪಿ (ಫ್ಯಾಮಿಲಿ ಡಾಕ್ಟರು), ಆಸ್ಪತ್ರೆಗೆ. ಹಲ್ಲಿಗೆ ಎನ್‌ಎಚ್‌ಎಸ್ ದರವನ್ನ ಇಲ್ಲಿನವರು ಕಟ್ಟೋ ಹಾಗೆಯೇ ನೀವೂ ಕಟ್ಟಬೇಕು. ದರದ ವಿವರ ಇನ್ಯಾರಾದ್ರೂ ಹಾಕ್ತಾರೆ, ನಾನು ಜಾಗ ಸಿಗೋ ಬಗ್ಗೆ ಹೇಳ್ತೀನಿ.

ಜಿಪಿ ಹತ್ತಿರ ಹೆಸರು ನೋಂದಾಯಿಸಿದ ಹಾಗೆ ಡೆಂಟಿಸ್ಟ್ ಹತ್ತಿರ ಇಂಗ್ಲೆಂಡಲ್ಲಿ ಕಾಯಂ ನೋಂದಣಿ ಅನ್ನೋದೇ ಇಲ್ಲ. ಏರಿಯಾ ಕಟ್ಟುಪಾಡೂ ಇಲ್ಲ. ಅಂದ್ರೆ ಲೀಡ್ಸ್‌ನಲ್ಲಿದ್ದೋರು ವೇಕ್‌ಫೀಲ್ಡ್, ಬ್ರಾಡ್‌ಫರ್ಡ್, ಹಡರ್ಸ್‌ಫೀಲ್ಡ್‌ಗೆ ಹೋಗಬಹುದು. ಹೊಸಬರು ಮಾಡೋ ಮೊದಲ ತಪ್ಪು ಇದೇ, ಮನೆ ಸುತ್ತಲಿನ ಎರಡು ಮೈಲಿಯಲ್ಲೇ ಫೋನ್ ಮಾಡಿ ಮಾಡಿ ಸುಸ್ತಾಗೋದು. ಎನ್‌ಎಚ್‌ಎಸ್ ವೆಬ್‌ಸೈಟಿನ ಡೆಂಟಿಸ್ಟ್ ಹುಡುಕೋ ಪುಟದಲ್ಲಿ ನಿಮ್ಮ ಪೋಸ್ಟ್‌ಕೋಡ್ ಜೊತೆಗೆ ರೈಲು ಹೋಗೋ ಊರುಗಳ ಪೋಸ್ಟ್‌ಕೋಡನ್ನೂ ಹಾಕಿ ನೋಡಿ. ದೊಡ್ಡವರು, 17 ವರ್ಷದವರೆಗಿನ ಮಕ್ಕಳು, ಉಚಿತ ಚಿಕಿತ್ಸೆಗೆ ಅರ್ಹರು ಅಂತ ಬೇರೆ ಬೇರೆ ತೋರಿಸುತ್ತೆ. "ಇತ್ತೀಚೆಗೆ ಮಾಹಿತಿ ಕೊಟ್ಟಿಲ್ಲ" ಅಂತ ಇರೋ ಕ್ಲಿನಿಕ್‌ಗಳನ್ನ ಬಿಡಬೇಡಿ. ಎಲ್ಲರೂ ಅವನ್ನ ದಾಟಿ ಹೋಗ್ತಾರೆ, ಅದಕ್ಕೇ ಅಲ್ಲಿ ಫೋನ್ ಮಾಡಿದ್ರೆ ಒಮ್ಮೊಮ್ಮೆ ಜಾಗ ಇರುತ್ತೆ.

ಯಾಕೆ ಇಲ್ಲ ಅಂತಾರೆ ಅಂತ ಗೊತ್ತಿದ್ರೆ ಯಾವಾಗ ಕೇಳಬೇಕು ಅಂತಲೂ ಗೊತ್ತಾಗುತ್ತೆ. 2006ರ ಕಾಂಟ್ರ್ಯಾಕ್ಟ್ ಪ್ರಕಾರ ಪ್ರತಿ ಕ್ಲಿನಿಕ್‌ಗೂ ವರ್ಷಕ್ಕೆ ಇಂತಿಷ್ಟು "ಯೂನಿಟ್" ಕೆಲಸ ಅಂತ ನಿಗದಿ. ಚೆಕಪ್‌ಗೆ 1, ಕ್ಯಾಪ್ ಇರೋ ಚಿಕಿತ್ಸೆಗೆ 12, ಹೀಗೆ. ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ. ಯೂನಿಟ್ ಮುಗಿಸಿಕೊಂಡ ಕ್ಲಿನಿಕ್ ಜನವರಿಯಿಂದ ಮಾರ್ಚ್‌ವರೆಗೆ ಬಾಗಿಲು ಹಾಕಿದ ಹಾಗೆಯೇ, ಮೇಲೆ ಮಾಡಿದ ಕೆಲಸಕ್ಕೆ ದುಡ್ಡು ಬರಲ್ಲ. ಅದೇ ಯೂನಿಟ್ ಉಳಿಸಿಕೊಂಡವರು ದುಡ್ಡು ವಾಪಸ್ ಕೊಡಬೇಕಾಗುತ್ತೆ ಅಂತ ಫೆಬ್ರವರಿಯಲ್ಲೇ ಹೊಸಬರನ್ನ ಕರೀತಾರೆ. ಹಾಗಾಗಿ ಏಪ್ರಿಲ್ ಮೊದಲ ವಾರ ಎಲ್ಲಾ ಕಡೆ ಇನ್ನೊಂದು ಸುತ್ತು ಫೋನ್ ಮಾಡಿ. ಮಿಕ್ಕ ತಿಂಗಳಲ್ಲಿ "ತಗೋತೀರಾ" ಅಂತ ಮಾತ್ರ ಕೇಳಬೇಡಿ, "ಎನ್‌ಎಚ್‌ಎಸ್ ವೇಟಿಂಗ್ ಲಿಸ್ಟ್ ಇದೆಯಾ, ಯಾರಾದ್ರೂ ಕ್ಯಾನ್ಸಲ್ ಮಾಡಿದ್ರೆ ಅದೇ ದಿನ ಬರ್ತೀನಿ" ಅನ್ನಿ. ರಿಸೆಪ್ಷನ್‌ನವರಿಗೆ ಬೆಳಿಗ್ಗೆ ಖಾಲಿಯಾದ ಸ್ಲಾಟ್ ತುಂಬಿಸೋದೇ ತಲೆನೋವು.

ಮಗಳದ್ದು ಬೇರೆ ದಾರಿ, ಸುಲಭ. 18ರ ಒಳಗೆ ಎಲ್ಲಾ ಉಚಿತ. ಮಕ್ಕಳನ್ನ ಮಾತ್ರ ತಗೊಳ್ಳೋ ಕ್ಲಿನಿಕ್ ಬಹಳ ಇವೆ. "ಅಪ್ಪ-ಅಮ್ಮ ಪ್ರೈವೇಟಾಗಿ ಸೇರಿದ್ರೆ ಮಾತ್ರ ಮಗು ಎನ್‌ಎಚ್‌ಎಸ್" ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಹಾಗೆ ಷರತ್ತು ಹಾಕೋ ಹಾಗಿಲ್ಲ. ಮೂರು ವರ್ಷದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ, ಕೇಳಿ ಮಾಡಿಸಿ.

ನಿಮ್ಮ ಹಲ್ಲಿಗೆ ಮಾತ್ರ ಕಾಯಬೇಡಿ. ರೂಟ್ ಕೆನಾಲ್ ತುಂಬಿದ ಜಾಗದ ಮೇಲೆ ಮುಚ್ಚಳ ಇಲ್ಲದಿದ್ರೆ ಎಂಜಲು ಒಳಗಿಳಿಯುತ್ತೆ, ಜೊತೆಗೆ ಬ್ಯಾಕ್ಟೀರಿಯಾ. ಎರಡು ಮೂರು ತಿಂಗಳು ಹಾಗೇ ಬಿಟ್ರೆ ಒಳಗಿನ ಕೆಲಸವನ್ನೇ ಮತ್ತೆ ಮಾಡಬೇಕಾಗಬಹುದು. ದವಡೆ ಹಲ್ಲಿಗೆ ಎರಡನೇ ಸಲ ರೂಟ್ ಕೆನಾಲ್ ಅಂದ್ರೆ ಸಾಮಾನ್ಯ ಕ್ಲಿನಿಕ್‌ನವರು ಕೈ ಹಾಕೋಕೆ ಹಿಂಜರೀತಾರೆ, ಮೇಲಿನವರಿಗೆ ರೆಫರ್ ಮಾಡ್ತಾರೆ, ಅಲ್ಲಿ ಸರದಿ ಇನ್ನೂ ಉದ್ದ. ಇನ್ನೊಂದು, ಕ್ಯಾಪ್ ಇಲ್ಲದ ಅಂಥ ಹಲ್ಲು ಅಗಿಯುವಾಗ ಉದ್ದಕ್ಕೆ ಸೀಳಬಹುದು. ಸೀಳಿ ಬೇರಿಗೆ ಇಳಿದ್ರೆ ಕೀಳೋದೊಂದೇ ದಾರಿ.

ಇವತ್ತೇ 111ಗೆ (ಎನ್‌ಎಚ್‌ಎಸ್ ಸಹಾಯವಾಣಿ) ಫೋನ್ ಮಾಡಿ, ಅಥವಾ ಅದರ ವೆಬ್‌ಸೈಟ್. ಅರ್ಜೆಂಟ್ ಹಲ್ಲಿನ ಸ್ಲಾಟ್ ಕೊಡೋದು ಅವರೇ, ಬೆಳಿಗ್ಗೆ ಬೇಗ ಮಾಡಿದಷ್ಟೂ ಒಳ್ಳೇದು. ನಮ್ಮವರಿಗೆ "ಪರವಾಗಿಲ್ಲ, ಸ್ವಲ್ಪ ನೋವು" ಅನ್ನೋ ಅಭ್ಯಾಸ. ಅಲ್ಲಿ ಹಾಗನ್ನಬೇಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ: ಮಾತ್ರೆಗೆ ನೋವು ಬಗ್ಗುತ್ತಾ ಇಲ್ಲವಾ, ರಾತ್ರಿ ನಿದ್ದೆ ಬರುತ್ತಾ, ವಸಡು ಊದಿದೆಯಾ, ಜ್ವರ ಇದೆಯಾ, ರೂಟ್ ಕೆನಾಲ್ ಆದ ಹಲ್ಲು ತೆರೆದುಕೊಂಡು ಎಷ್ಟು ದಿನ ಆಯ್ತು. ಯಾರಿಗೆ ಮೊದಲು ಅಂತ ಅವರು ನಿರ್ಧರಿಸೋದು ಈ ಉತ್ತರಗಳ ಮೇಲೆ.

ಅಲ್ಲಿಯವರೆಗೆ ಬೂಟ್ಸ್‌ನಂಥ ಔಷಧಿ ಅಂಗಡಿಯಲ್ಲಿ ಟೆಂಪರರಿ ಫಿಲ್ಲಿಂಗ್ ಕಿಟ್ ಸಿಗುತ್ತೆ. ಬಾಯಿ ಮುಕ್ಕಳಿಸಿ, ಹತ್ತಿಯಿಂದ ಹಲ್ಲು ಒರೆಸಿ ಒಣಗಿಸಿ, ಕಡಲೆಬೇಳೆಯಷ್ಟು ಉಂಡೆ ಮಾಡಿ ಒತ್ತಿ, ನಿಧಾನಕ್ಕೆ ಒಮ್ಮೆ ಕಚ್ಚಿ ಎತ್ತರ ಸರಿ ಮಾಡಿಕೊಳ್ಳಿ. ಒದ್ದೆ ಹಲ್ಲಿಗೆ ಅದು ಅಂಟಲ್ಲ, ಬಹಳ ಜನಕ್ಕೆ ಒಂದೇ ಗಂಟೆಗೆ ಉದುರೋದು ಅದಕ್ಕೇ. ಊತ, ಕೀವು ಇದ್ರೆ ಮಾತ್ರ ಮುಚ್ಚಬೇಡಿ.

ಎ ಆ್ಯಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಕಡೆ ಹಲ್ಲುನೋವಿಗೆ ಹೋಗಿ ಪ್ರಯೋಜನ ಇಲ್ಲ, ಅಲ್ಲಿ ಹಲ್ಲಿನ ಕೆಲಸ ಮಾಡಲ್ಲ. ಆದರೆ ಮುಖ ಊದಿ ಕಣ್ಣಿನ ಹತ್ತಿರ ಅಥವಾ ಕತ್ತಿಗೆ ಹಬ್ಬಿದ್ರೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಸೀದಾ ಅಲ್ಲಿಗೇ.

---

ಪೈಸೆಪೈಸೆ

ದರ ನಾನು ಹಾಕ್ತೀನಿ. ಇಂಗ್ಲೆಂಡಲ್ಲಿ 2025ರ ಏಪ್ರಿಲ್ 1ಕ್ಕೆ ನಿಗದಿಯಾದದ್ದು. ಸಾಮಾನ್ಯವಾಗಿ ಏಪ್ರಿಲ್‌ಗೆ ಸ್ವಲ್ಪ ಏರುತ್ತೆ, ಹೋಗೋ ಮುಂಚೆ ನೋಡಿಕೊಳ್ಳಿ.

ಬ್ಯಾಂಡ್ (ದರದ ಹಂತ) 1: 27.40 ಪೌಂಡ್. ಚೆಕಪ್, ಎಕ್ಸ್‌ರೇ, ಅಗತ್ಯ ಇದ್ರೆ ಕ್ಲೀನಿಂಗ್. ಅರ್ಜೆಂಟ್ ಚಿಕಿತ್ಸೆಗೂ ಇಷ್ಟೇ.
ಬ್ಯಾಂಡ್ 2: 75.30. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳೋದು.
ಬ್ಯಾಂಡ್ 3: 326.70. ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್.

ಇದು ಒಂದೊಂದು ಹಲ್ಲಿನ ಲೆಕ್ಕ ಅಲ್ಲ, ಇಡೀ ಚಿಕಿತ್ಸೆಯ ಲೆಕ್ಕ. ನಾಲ್ಕು ಫಿಲ್ಲಿಂಗ್ ಒಂದೇ ಪ್ಲ್ಯಾನ್‌ನಲ್ಲಿದ್ರೂ 75.30. ಕ್ಯಾಪ್ ಜೊತೆ ಎರಡು ಫಿಲ್ಲಿಂಗ್, ಒಂದು ರೂಟ್ ಕೆನಾಲ್ ಇದ್ರೂ ಒಟ್ಟು 326.70. ಹಾಗಾಗಿ ಕ್ಯಾಪ್ ಹಾಕಿಸೋ ಹಾಗಿದ್ರೆ ಬಾಯಲ್ಲಿರೋ ಬೇರೆ ಹುಳುಕನ್ನೂ ಅದೇ ಪ್ಲ್ಯಾನ್‌ಗೆ ಸೇರಿಸಿ ಅಂತ ಕೇಳಿ. ಮುಗಿದ ಎರಡು ತಿಂಗಳ ಒಳಗೆ ಅದೇ ಬ್ಯಾಂಡ್ ಅಥವಾ ಕೆಳಗಿನ ಬ್ಯಾಂಡಿನ ಕೆಲಸ ಬಂದ್ರೆ ಮತ್ತೆ ಕಟ್ಟೋದಿಲ್ಲ.

ಇಲ್ಲಿ ಎಲ್ಲರೂ ಎಡವೋ ಒಂದು ಜಾಗ: 111 ಕಡೆಯಿಂದ ಹೋದ ಅರ್ಜೆಂಟ್ ಭೇಟಿ ಬೇರೆಯೇ ಲೆಕ್ಕ. ಅಲ್ಲಿ ಔಷಧಿ ಇಟ್ಟು ಮುಚ್ಚಿ ಕಳಿಸ್ತಾರೆ, ಕ್ಯಾಪ್ ಹಾಕಲ್ಲ. ಆ 27.40 ಮುಂದಿನ 326.70ರಲ್ಲಿ ಕಳೆಯೋದಿಲ್ಲ. ಆ ಕ್ಲಿನಿಕ್ ನಿಮ್ಮನ್ನ ಮುಂದುವರಿಸಬೇಕು ಅಂತಲೂ ಇಲ್ಲ. ಆದರೂ ಏಳೋ ಮುಂಚೆ ಒಂದು ಮಾತು ಕೇಳಿ, ಕುರ್ಚಿಯಲ್ಲಿ ಕೂತವರಿಗೆ ಜಾಗ ಆಗೋದುಂಟು.

ಎನ್‌ಎಚ್‌ಎಸ್ ಫಿಲ್ಲಿಂಗ್, ಕ್ಯಾಪ್, ರೂಟ್ ಫಿಲ್ಲಿಂಗ್ 12 ತಿಂಗಳ ಒಳಗೆ ಹಾಳಾದ್ರೆ ಅದೇ ಕ್ಲಿನಿಕ್‌ನಲ್ಲಿ ಉಚಿತವಾಗಿ ಸರಿ ಮಾಡಬೇಕು. ಮೈಸೂರಿನ ಕೆಲಸಕ್ಕೆ ಇದು ಅನ್ವಯಿಸಲ್ಲ.

ಸಹಿ ಹಾಕೋ ಮುಂಚೆ ಬರಹದ ಪ್ಲ್ಯಾನ್ ಕೇಳಿ. ಬ್ಯಾಂಡ್ 2, 3ಕ್ಕೆ ಮತ್ತೆ ಪ್ರೈವೇಟ್ ಬೆರೆಸಿದಾಗ ಅದನ್ನ ಕೊಡಲೇಬೇಕು. ಯಾವುದು ಎನ್‌ಎಚ್‌ಎಸ್, ಯಾವುದು ಪ್ರೈವೇಟ್ ಅಂತ ಅದರಲ್ಲಿ ಬೇರೆ ಬೇರೆ ಕಾಣಬೇಕು. ದುಡ್ಡು ಸೋರೋದು ಹೆಚ್ಚಾಗಿ ಹೈಜಿನಿಸ್ಟ್ (ಹಲ್ಲು ಕ್ಲೀನ್ ಮಾಡೋರು) ಅಪಾಯಿಂಟ್‌ಮೆಂಟ್, ಹಿಂದಿನ ಹಲ್ಲಿಗೆ ಬಿಳಿ ಫಿಲ್ಲಿಂಗ್, ಈ ಎರಡರಲ್ಲಿ. "ಇದು ಚಿಕಿತ್ಸೆಗೆ ಅಗತ್ಯವಾ, ಅಂದಕ್ಕಾ?" ಅಂತ ಕೇಳಿ. ಅಗತ್ಯ ಅಂದ್ರೆ ಬ್ಯಾಂಡ್ ಒಳಗೇ ಬರಬೇಕು.

---

ಕೊವೆಂಟ್ರಿ_ಕಾಫಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಸ್ಟೂಡೆಂಟ್ ವೀಸಾದವರಿಗೆ ಏನಾದ್ರೂ ರಿಯಾಯಿತಿ ಇದೆಯಾ? ಕಡಿಮೆ ಆದಾಯದವರಿಗೆ ಎಚ್‌ಸಿ2 ಸರ್ಟಿಫಿಕೇಟ್ ಅಂತಾರಲ್ಲ, ಅದಕ್ಕೆ ಹಾಕಿದ್ರೆ ವೀಸಾಗೆ ತೊಂದರೆನಾ?

---

ದಂತಕಥೆ

ತೊಂದರೆ ಇಲ್ಲ. ವೀಸಾದಲ್ಲಿ ಬರೆದಿರೋ "ಪಬ್ಲಿಕ್ ಫಂಡ್ಸ್ ಇಲ್ಲ" (ಸರ್ಕಾರಿ ನೆರವು ಪಡೆಯೋ ಹಾಗಿಲ್ಲ) ಪಟ್ಟಿಗೆ ಇದು ಸೇರಿಲ್ಲ. ಎಚ್‌ಸಿ1 ಅರ್ಜಿ, ಆನ್‌ಲೈನ್ ಅಥವಾ ಕಾಗದ. ಉಳಿತಾಯ 16,000 ಪೌಂಡ್ ಮೀರಿದ್ರೆ ಸಿಗಲ್ಲ. ಅದರ ಕೆಳಗಿದ್ರೆ ಆದಾಯ, ಬಾಡಿಗೆ ನೋಡಿ ಎಚ್‌ಸಿ2 (ಪೂರ್ತಿ ಉಚಿತ) ಅಥವಾ ಎಚ್‌ಸಿ3 (ಸ್ವಲ್ಪ ಭಾಗ ನೀವು) ಕೊಡ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟು, ಬಾಡಿಗೆ ಕರಾರು, ಊರಿಂದ ಬರೋ ದುಡ್ಡಿನ ವಿವರ ಸರಿಯಾಗಿ ಇಡಿ. ಅರ್ಜಿ ನಿಲ್ಲೋದು ಬಹುಪಾಲು ಇಲ್ಲೇ.

ಈಗಾಗಲೇ ದುಡ್ಡು ಕಟ್ಟಿದ್ರೆ ಎಚ್‌ಸಿ5(ಡಿ) ಫಾರ್ಮ್‌ನಲ್ಲಿ ವಾಪಸ್ ಕೇಳಬಹುದು. ಕಟ್ಟಿದ ದಿನದಿಂದ ಮೂರು ತಿಂಗಳ ಒಳಗೆ, ಎನ್‌ಎಚ್‌ಎಸ್ ರಸೀದಿ ಸಮೇತ. ಪ್ರೈವೇಟ್ ಬಿಲ್‌ಗೆ ಇಲ್ಲ.

---

ಹೊಸಬ_ಲೀಡ್ಸ್

ತುಂಬಾ ಉಪಕಾರ ಆಯ್ತು. 111ರವರು ನಾಳೆ 10.20ಕ್ಕೆ ಕೊಟ್ಟಿದ್ದಾರೆ. ಹೆಂಡತಿ, ಅಮ್ಮನ ವಿಷಯ ಉಳೀತು. ಕ್ಯಾಪ್‌ಗೆ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮಾಡಿಸಿದ್ರೆ ಹೇಗೆ?

---

ಪೈಸೆಪೈಸೆ

ಹೆಂಡತಿಯವರಿಗೆ ಈಗಿಂದಲೇ ಉಚಿತ, ವೀಸಾ ಯಾವುದೇ ಇರಲಿ. ಮೆಟರ್ನಿಟಿ ಎಕ್ಸೆಂಪ್ಷನ್ (ಗರ್ಭಿಣಿಯರ ವಿನಾಯಿತಿ) ಸರ್ಟಿಫಿಕೇಟ್‌ಗೆ ಮಿಡ್‌ವೈಫ್ (ಹೆರಿಗೆ ನರ್ಸ್) ಅಥವಾ ಜಿಪಿ ಅರ್ಜಿ ಹಾಕ್ತಾರೆ, ತಾವಾಗಿ ಹಾಕದಿದ್ರೆ ನೀವೇ ಕೇಳಿ. ಹೆರಿಗೆಗೆ ಅಂದಾಜಿಸಿದ ದಿನಾಂಕದ ನಂತರ 12 ತಿಂಗಳವರೆಗೆ ನಡೆಯುತ್ತೆ. ಅದರಲ್ಲೇ ಡಾಕ್ಟರ ಚೀಟಿಯ ಔಷಧಿಯೂ ಉಚಿತ. ಗರ್ಭಿಣಿಯರಿಗೆ, ಹಾಲೂಡಿಸೋರಿಗೆ, 15ರ ಒಳಗಿನ ಮಕ್ಕಳಿಗೆ ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್ ತೀರಾ ಅನಿವಾರ್ಯ ಅಲ್ಲದಿದ್ರೆ ಹಾಕಲ್ಲ. ಅವರಿಗೆ ಬಿಳಿ ಫಿಲ್ಲಿಂಗ್ ಅಂತ ಹೆಚ್ಚಿಗೆ ದುಡ್ಡು ಕೇಳಿದ್ರೆ ಈ ಮಾತು ಎತ್ತಿ.

ಅಮ್ಮನ ವಿಷಯದಲ್ಲಿ ಎರಡು ಗೊಂದಲ. ಒಂದು, 60 ದಾಟಿದವರಿಗೆ ಇಲ್ಲಿ ಚೀಟಿಯ ಔಷಧಿ ಉಚಿತ, ಹಲ್ಲು ಅಲ್ಲ. ಫಾರ್ಮ್‌ನಲ್ಲಿ ಉಚಿತ ಅಂತ ತಪ್ಪಾಗಿ ಟಿಕ್ ಹಾಕಿದ್ರೆ ಆಮೇಲೆ ಚಿಕಿತ್ಸೆಯ ದರದ ಜೊತೆ 100 ಪೌಂಡ್‌ವರೆಗೆ ದಂಡದ ಪತ್ರ ಬರುತ್ತೆ. ರಿಸೆಪ್ಷನ್‌ನವರು ತುಂಬಿ ಕೊಟ್ಟಿದ್ರೂ ಸಹಿ ಹಾಕಿದವರೇ ಹೊಣೆ. ಎರಡು, ವಿಸಿಟರ್‌ಗೆ ಕ್ಲಿನಿಕ್‌ನಲ್ಲಿ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಗೆ ತಡೆ ಇಲ್ಲ, ಇದೇ ಬ್ಯಾಂಡ್ ದರ, 111 ಕೂಡ ನಡೆಯುತ್ತೆ. ಭಾಷೆ ತೊಂದರೆ ಆದ್ರೆ 111ರಲ್ಲಿ ದುಭಾಷಿ ಕೇಳಬಹುದು. ಆದರೆ ಆಸ್ಪತ್ರೆಗೆ ಸೇರಿಸೋ ಮಟ್ಟಕ್ಕೆ ಹೋದ್ರೆ ಸರ್‌ಚಾರ್ಜ್ ಕಟ್ಟಿಲ್ಲದ ವಿಸಿಟರ್‌ಗೆ ಎನ್‌ಎಚ್‌ಎಸ್ ದರದ 150 ಶೇಕಡಾ ಬಿಲ್. ಹೊರಡೋ ಮುಂಚೆ ಊರಲ್ಲೇ ಒಂದು ಒಪಿಜಿ (ಇಡೀ ಬಾಯಿಯ) ಎಕ್ಸ್‌ರೇ ತೆಗೆಸಿ, ಅಲ್ಲಾಡೋ ಹಲ್ಲಿದ್ರೆ ಅಲ್ಲೇ ಕೀಳಿಸಿ ಕರೆತನ್ನಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಹಲ್ಲಿನ ತುರ್ತು ಚಿಕಿತ್ಸೆ ಇದೆಯಾ, ಎಷ್ಟರವರೆಗೆ ಅಂತ ಓದಿ ನೋಡಿ.

---

ದಂತಕಥೆ

ಡಿಸೆಂಬರ್ ಬಗ್ಗೆ. ಖರ್ಚಿನ ಲೆಕ್ಕದಲ್ಲಿ ಊರೇ ಅಗ್ಗ ಆಗಬಹುದು, ಸಮಯದ ಲೆಕ್ಕದಲ್ಲಿ ನೋಡಿ. ಕ್ಯಾಪ್‌ಗೆ ಕನಿಷ್ಠ ಎರಡು ಭೇಟಿ, ನಡುವೆ ಲ್ಯಾಬ್‌ಗೆ ಒಂದು ವಾರ ಹಿಡಿಯಿರಿ, ಎತ್ತರ ತೊಂದರೆ ಕೊಟ್ರೆ ತಿದ್ದಿಸೋಕೆ ಇನ್ನೆರಡು ದಿನ. ಇಳಿದ ಮಾರನೇ ದಿನವೇ ಅಳತೆ ಕೊಡಬೇಕು, ಮದುವೆ ಮುಂಜಿ ಮುಗಿಸಿ ಕೊನೇ ವಾರ ಹೋದ್ರೆ ಮತ್ತೆ ಇದೇ ಕಥೆ. ಇಂಪ್ಲಾಂಟ್ ಆದ್ರೆ ಸ್ಕ್ರೂ ಹಾಕಿದ ಮೇಲೆ ಮೂರರಿಂದ ಆರು ತಿಂಗಳು ಕಾಯಬೇಕು, ಅಂದ್ರೆ ಎರಡು ಪ್ರಯಾಣ. ಅದನ್ನ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಮಾಡೋದೂ ಇಲ್ಲ.

ಏನೇ ಆದ್ರೂ ನಾಳೆ ಹೋದಾಗ ಮೈಸೂರಿನ ರೂಟ್ ಕೆನಾಲ್ ಎಕ್ಸ್‌ರೇ ತೋರಿಸಿ. ವಾಟ್ಸಾಪ್‌ನಲ್ಲಿ ತರಿಸಿಕೊಂಡ್ರೂ ಸಾಕು, ಆದರೆ ಪರದೆಯ ಫೋಟೋ ಬೇಡ, ಫೈಲ್ ಆಗಿ ಕಳಿಸೋಕೆ ಹೇಳಿ. ಬೇರಿನ ತುದಿವರೆಗೆ ತುಂಬಿದೆಯಾ ಅಂತ ಹಳೇ ಚಿತ್ರದ ಪಕ್ಕ ಹೊಸದನ್ನ ಇಟ್ಟು ನೋಡಿದ್ರೆ ಮತ್ತೆ ಮಾಡಬೇಕಾ, ಬರೀ ಮುಚ್ಚಿದ್ರೆ ಸಾಕಾ ಅಂತ ಅಲ್ಲೇ ತೀರ್ಮಾನ ಆಗುತ್ತೆ. ಡಿಸೆಂಬರ್‌ವರೆಗೆ ಕಾಯೋ ಹಾಗಿದ್ರೆ "ಗಟ್ಟಿ ಫಿಲ್ಲಿಂಗ್ ಹಾಕಿ, ಹಲ್ಲಿನ ಮೇಲಿನ ಮೊನೆಗಳನ್ನ ಮುಚ್ಚೋ ಹಾಗೆ" ಅಂತ ಕೇಳಿ. ಅರ್ಜೆಂಟ್‌ನಲ್ಲಿ ಅದನ್ನ ಮಾಡದಿದ್ರೆ ಬ್ಯಾಂಡ್ 2 ಕೊಟ್ಟು ಮಾಡಿಸಿದ್ರೂ ಲಾಭವೇ. ಆ ಕಡೆ ಹುರಿಗಡಲೆ, ಚಕ್ಕುಲಿ ಅಗಿಯೋದು ಮಾತ್ರ ಕ್ಯಾಪ್ ಕೂರೋವರೆಗೆ ಬಿಡಿ.