ಪ್ರಶ್ನೋತ್ತರ: ಜೈಲಿನಲ್ಲಿರುವ ತಮ್ಮನಿಗಾಗಿ ಹೊರಗಿರುವ ನಾವು ಏನು ಮಾಡಬಹುದು?

ಪ್ರಶ್ನೆ (ಅಂಕೋಲಾ ತಾಲೂಕಿನ ಸದಸ್ಯೆ):

ವಕೀಲರಿಗೆ ನಮಸ್ಕಾರ. ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಡೀಸೆಲ್ ಕಳವಿನ ಆರೋಪದ ಮೇಲೆ 14 ತಿಂಗಳಿಂದ ಜೈಲಿನಲ್ಲಿದ್ದಾನೆ. ಅವನ ಮೇಲೆ ಇದಕ್ಕೂ ಮೊದಲು ಯಾವ ಪ್ರಕರಣವೂ ಇರಲಿಲ್ಲ. ಐದು ತಿಂಗಳ ಹಿಂದೆಯೇ ಜಾಮೀನು ಮಂಜೂರಾಗಿದೆಯಾದರೂ ಪಹಣಿ ಹಿಡಿದುಕೊಂಡು ಬಂದು ಸಹಿ ಹಾಕುವ ಜಾಮೀನುದಾರರು ನಮಗೆ ಸಿಕ್ಕಿಲ್ಲ. ಬ್ಯಾರಕ್ಕಿನಲ್ಲಿ ಜಾಗ ಸಾಲದೆ ಸರದಿಯ ಮೇಲೆ ಮಲಗುತ್ತಾರಂತೆ. ಮೈತುಂಬ ಕಜ್ಜಿಯಾಗಿ ಎರಡು ತಿಂಗಳಾದರೂ ವೈದ್ಯರಿಗೆ ತೋರಿಸಿಲ್ಲ. ಕಳೆದ ಸಲ ಮುಲಾಕಾತಿಗೆ ಹೋದ ನನ್ನನ್ನು ಕಾರಣ ಹೇಳದೆ ಬಾಗಿಲಿನಿಂದಲೇ ಕಳುಹಿಸಿದರು. ಮಾನವ ಹಕ್ಕು ಸಂಘಟನೆಯೊಂದರವರು ಮನೆಗೆ ಬಂದು ಎಲ್ಲವನ್ನೂ ಬರೆದುಕೊಂಡು ಹೋಗಿದ್ದಾರೆ. ಅಂಥವರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ದೂರು ಕೊಟ್ಟರೆ ಒಳಗೆ ಅವನಿಗೇ ತೊಂದರೆಯಾದೀತೆಂದು ಅಮ್ಮ ಹೆದರುತ್ತಾಳೆ.

ಉತ್ತರ (ಶಿರಸಿಯ ವಕೀಲರು):

ತಂಗಿ, ಮೊದಲು ಬಿಡುಗಡೆಯ ಮಾತು, ಏಕೆಂದರೆ ಅದು ನೀವು ತಿಳಿದಿರುವುದಕ್ಕಿಂತ ಹತ್ತಿರದಲ್ಲಿರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿಯು ತನ್ನ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಬಂಧನದಲ್ಲಿದ್ದರೆ, ನ್ಯಾಯಾಲಯವು ಅವನನ್ನು ಬಾಂಡಿನ ಮೇಲೆ ಬಿಡುಗಡೆ ಮಾಡಬೇಕು. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ. ಅದರ ಮೂರನೇ ಒಂದು ಭಾಗ 1 ವರ್ಷ. ನಿಮ್ಮ ತಮ್ಮ ಆ ಗಡಿ ದಾಟಿದ್ದಾನೆ. ಇಲ್ಲಿ ಬಾಂಡ್ ಎಂದರೆ ಜಾಮೀನುದಾರರಿಲ್ಲದ ಸ್ವಂತ ಮುಚ್ಚಳಿಕೆ ಎಂದು ಅದೇ ಸಂಹಿತೆ ಹೇಳುವುದರಿಂದ, ನಿಮಗೆ ಸಿಗದಿರುವ ಪಹಣಿ ಇಲ್ಲಿ ಬೇಕಾಗುವುದೇ ಇಲ್ಲ. ಈ ಅರ್ಜಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವ ಹೊಣೆಯನ್ನು ಕಾನೂನು ಜೈಲಿನ ಅಧೀಕ್ಷಕರ ಮೇಲೆಯೇ ಹೊರಿಸಿದೆ. ಆದರೆ ಆರೋಪಪಟ್ಟಿಯಲ್ಲಿ ಬೇರೆ ಕಲಮುಗಳೂ ಸೇರಿದ್ದರೆ ಅಥವಾ ಇನ್ನೊಂದು ಪ್ರಕರಣವೂ ಬಾಕಿಯಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಆದ್ದರಿಂದ ಆರೋಪಪಟ್ಟಿಯ ಪ್ರತಿಯನ್ನು ಮೊದಲು ಕೈಗೆ ತೆಗೆದುಕೊಳ್ಳಿ.

ಒಂದು ವೇಳೆ ಆ ದಾರಿ ಮುಚ್ಚಿದ್ದರೂ ಜಾಮೀನಿನ ದಾರಿ ಉಳಿದಿದೆ. ಜಾಮೀನು ಸಿಕ್ಕಿದ ಮೇಲೂ ಏಳು ದಿನಗಳಲ್ಲಿ ಬಿಡುಗಡೆಯಾಗದವರ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಷರತ್ತನ್ನು ಸಡಿಲಿಸಬೇಕೇ ಎಂದು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ನೀಡಿದೆ. ಪ್ರಾಧಿಕಾರದ ಕಚೇರಿ ಕಾರವಾರದಲ್ಲಿದೆ. ಬಂಧನದಲ್ಲಿರುವವರಿಗೆ ಅಲ್ಲಿ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಇನ್ನು ನಿಮ್ಮ ಮನೆಗೆ ಬಂದ ಸಂಘಟನೆಯವರ ವಿಷಯ. ಅವರು ಜೈಲಿನ ಬಾಗಿಲು ತೆರೆಸಲಾರರು, ನ್ಯಾಯಾಧೀಶರ ಮೇಲೆ ಒತ್ತಡ ತರಲಾರರು. ಒಳಗಿನ ಸಂಗತಿಯನ್ನು ದಿನಾಂಕ ಸಹಿತ ಬರಹಕ್ಕಿಳಿಸಿ ಅದನ್ನು ಕೇಳಲೇಬೇಕಾದವರ ಮುಂದೆ ಇಡುವುದು ಅವರ ಕೆಲಸ. ಇದು ಸಣ್ಣ ಕೆಲಸವೆಂದು ದಯವಿಟ್ಟು ಭಾವಿಸಬೇಡಿ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಒಂದು ಪತ್ರವೇ ರಾಮಮೂರ್ತಿ ಪ್ರಕರಣವಾಯಿತು. 1996ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಕ್ಕಟ್ಟು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಊಟ ಬಟ್ಟೆಯ ಕೊರತೆ, ಮನೆಯವರೊಂದಿಗೆ ಸಂಪರ್ಕದ ಕೊರತೆ ಮೊದಲಾದ ಒಂಬತ್ತು ಸಮಸ್ಯೆಗಳನ್ನು ಒಂದೊಂದಾಗಿ ಎತ್ತಿಕೊಂಡು ಚರ್ಚಿಸಿತು. ನೀವು ಬರೆದ ಸಂಗತಿಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿವೆ ಎಂಬುದನ್ನು ಓದುವಾಗ ನನಗೆ ತುಂಬ ನೋವಾಗುತ್ತದೆ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದರ ಹಿಂದೆಯೂ ಪತ್ರಕರ್ತೆ ಸುಕನ್ಯಾ ಶಾಂತಾ ಅವರ ತಾಳ್ಮೆಯ ವರದಿಯಿತ್ತು.

ಪ್ರಶ್ನೆ (ಹೊನ್ನಾವರದ ಸದಸ್ಯರು):

ಬೇಸರಿಸಬಾರದು, ವಕೀಲರೇ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕಳವಾಗಿ ಹೆಂಡತಿಯ ಬಂಗಾರವೆಲ್ಲ ಹೋಯಿತು. ಆಗ ಯಾವ ಸಂಘಟನೆಯೂ ನಮ್ಮ ಮನೆಗೆ ಬರಲಿಲ್ಲ. ಕೈದಿಗಳ ಬಗ್ಗೆ ಮಾತ್ರ ಇಷ್ಟು ಕಾಳಜಿ ಏಕೆ?

ಉತ್ತರ:

ನಿಮ್ಮ ನೋವು ನಿಜವಾದದ್ದು, ಬೇಸರಿಸುವ ಮಾತೇ ಇಲ್ಲ. ಆದರೆ ಒಂದು ಅಂಕಿಯನ್ನು ಗಮನಿಸಬೇಕೆಂದು ಕೋರುತ್ತೇನೆ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ನೂರು ಜನರ ಜಾಗದಲ್ಲಿ ಸರಾಸರಿ 131 ಜನರಿದ್ದರು. ಶಿಕ್ಷೆಯಾದವರ ವಿಷಯದಲ್ಲೂ ನ್ಯಾಯಾಲಯ ಕಸಿದುಕೊಳ್ಳುವುದು ಅವರ ಓಡಾಟದ ಸ್ವಾತಂತ್ರ್ಯವನ್ನು ಮಾತ್ರ. ಕಜ್ಜಿ, ಹಸಿವು, ಹೊಡೆತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಹೊರಗಿನ ಸಮಾಜಕ್ಕೆ ದೊರೆಯುವ ಮಟ್ಟದ ಚಿಕಿತ್ಸೆಯೇ ಕೈದಿಗೂ ದೊರೆಯಬೇಕೆಂದು, ಸತತ 15 ದಿನ ಮೀರಿದ ಏಕಾಂತ ಬಂಧನ ಕೂಡದೆಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ನೆಲ್ಸನ್ ಮಂಡೇಲಾ ನಿಯಮಗಳು ಹೇಳುವುದೂ ಇದೇ ಕಾರಣಕ್ಕೆ. ನಮ್ಮ ಜಿಲ್ಲೆಗೆ ಜೈಲು ಹೊಸತಲ್ಲ. 1930ರ ದಶಕದಲ್ಲಿ ಉಪ್ಪಿಗಾಗಿ, ಕರನಿರಾಕರಣೆಗಾಗಿ ಅಂಕೋಲಾ, ಸಿದ್ದಾಪುರ ಸೀಮೆಯ ರೈತರು, ಹೆಣ್ಣುಮಕ್ಕಳು ಸೆರೆಮನೆ ಕಂಡವರು. ಜೈಲಿಗೆ ಹೋದವರೆಲ್ಲ ದುಷ್ಟರೆಂದು ಆ ಮನೆಗಳಲ್ಲಿ ಯಾರೂ ಹೇಳಲಾರರು.

ಇನ್ನೊಂದು ಮಾತು. ಅಪರಾಧದಿಂದ ನಷ್ಟ, ಗಾಯ ಅನುಭವಿಸಿ ಪುನರ್ವಸತಿ ಬೇಕಾದವರ ಪರಿಹಾರವನ್ನು ನಿರ್ಧರಿಸುವುದೂ ಕಾರವಾರದ ಅದೇ ಕಾನೂನು ಸೇವಾ ಪ್ರಾಧಿಕಾರವೇ. ನಿಮ್ಮ ಪ್ರಕರಣ ಆ ಯೋಜನೆಯಡಿ ಬರುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಿ; ಪೊಲೀಸ್ ದೂರಿನ ಪ್ರತಿ ಜೊತೆಗಿರಲಿ.

ಪ್ರಶ್ನೆ (ಅಂಕೋಲಾ ತಾಲೂಕಿನ ಸದಸ್ಯೆ):

ವಕೀಲರೇ, ಅಮ್ಮನ ಹೆದರಿಕೆಗೆ ಏನು ಹೇಳಲಿ? ಪತ್ರವನ್ನು ಯಾರಿಗೆ ಬರೆಯಬೇಕು?

ಉತ್ತರ:

ಅಮ್ಮನ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ತಿಹಾರ್ ಜೈಲಿನಲ್ಲಿ ವಾರ್ಡರ್ ಒಬ್ಬ ಸಹಕೈದಿಗೆ ಹಿಂಸೆ ಕೊಟ್ಟದ್ದನ್ನು ಸುನಿಲ್ ಬಾತ್ರಾ ಎಂಬ ಕೈದಿ ಪತ್ರ ಬರೆದು ತಿಳಿಸಿದಾಗ ಸುಪ್ರೀಂ ಕೋರ್ಟಿಗೂ ಈ ಭಯ ಗೊತ್ತಿತ್ತು. ಆದ್ದರಿಂದಲೇ ಜೈಲಿನಲ್ಲಿ ಜಿಲ್ಲಾ ದಂಡಾಧಿಕಾರಿ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧೀನದ ದೂರಿನ ಪೆಟ್ಟಿಗೆ ಇರಬೇಕು, ಅವರು ಜೈಲಿಗೆ ಭೇಟಿ ಕೊಟ್ಟು ಕೈದಿಗಳ ಮಾತನ್ನು ಕೇಳಬೇಕು ಎಂದು ವಿಧಿಸಿತು. ದೂರು ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಅಪಾಯ. ನಾಲ್ಕು ಕಡೆ ದಾಖಲಾಗಿದ್ದರೆ ಒಳಗಿರುವವನಿಗೆ ಅದೇ ಕಾವಲು.

ಪತ್ರ ಒಂದೇ ಪುಟದಲ್ಲಿರಲಿ. ಕಜ್ಜಿ ಆರಂಭವಾದದ್ದು ಯಾವಾಗ, ಅವನು ಯಾರಲ್ಲಿ ಹೇಳಿಕೊಂಡ, ನಿಮ್ಮನ್ನು ಹಿಂದಕ್ಕೆ ಕಳುಹಿಸಿದ್ದು ಯಾವ ದಿನ ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ಬರೆಯಿರಿ. ಯಾರನ್ನೂ ಬಯ್ಯಬೇಡಿ, ಊಹೆಯನ್ನು ಸೇರಿಸಬೇಡಿ. ಜೈಲಿನ ಅಧೀಕ್ಷಕರಿಗೆ, ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ, ಬೆಂಗಳೂರಿನ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದೊಂದು ಪ್ರತಿ ಕಳುಹಿಸಿ, ಅಂಚೆಯ ರಸೀದಿಗಳನ್ನು ಇಟ್ಟುಕೊಳ್ಳಿ. ಮನೆಗೆ ಬಂದ ಸಂಘಟನೆಯವರಿಗೂ ಒಂದು ಪ್ರತಿ ಕೊಡಿ. ಹೋಗಲು ಆಗದ ದಿನ 15100 ಕಾನೂನು ನೆರವಿನ ಸಹಾಯವಾಣಿಗೆ ಕರೆ ಮಾಡಬಹುದು.

ಅಂಕೋಲಾ ತಾಲೂಕಿನ ಸದಸ್ಯೆ:

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಕಾರವಾರಕ್ಕೆ ಹೋಗುತ್ತೇನೆ. ಅಮ್ಮನೂ ಬರುತ್ತೇನೆ ಎಂದಿದ್ದಾಳೆ.

ಉತ್ತರ:

ಜಾಮೀನು ಆದೇಶದ ಪ್ರತಿ, ಆರೋಪಪಟ್ಟಿ, ನಿಮ್ಮ ಗುರುತಿನ ಚೀಟಿ ಮರೆಯಬೇಡಿ. ಅವನು ಬಂಧನಕ್ಕೊಳಗಾದ ದಿನಾಂಕವನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ. ಅಲ್ಲಿನವರು ಲೆಕ್ಕ ಆರಂಭಿಸುವುದು ಅಲ್ಲಿಂದಲೇ.