ಹೆಂಚಿನ ಮನೆಯಲ್ಲಿ ವೈನ್ ಬಾಟಲಿ ಎಲ್ಲಿಡೋದು?

ಹೊಸನಗರದಿಂದ, ಕೇಳಿದವರು:
ತಂಗಿ ಬೆಂಗಳೂರಿನಿಂದ ಆರು ಬಾಟಲಿ ವೈನ್ ತಂದುಕೊಟ್ಟಿದ್ದಾಳೆ. ನಾಲ್ಕು ಕೆಂಪು, ಎರಡು ಬಿಳಿ. ಡಿಸೆಂಬರಿಗೆ ನೆಂಟರು ಬರುವವರೆಗೆ ಇಡಬೇಕು. ನಮ್ಮದು ಹಳೇ ಹೆಂಚಿನ ಮನೆ. ಈಗ ಏಪ್ರಿಲ್ ಸೆಕೆ, ಆಮೇಲೆ ಮಳೆ. ಅಟ್ಟದಲ್ಲಿ ಇಟ್ಟರೆ ಆಗುತ್ತಾ, ಫ್ರಿಡ್ಜೇ ಬೇಕಾ? ಇಟ್ಟು ನೋಡಿದವರು ಹೇಳಿ.

ತೀರ್ಥಹಳ್ಳಿಯಿಂದ:
ಅಟ್ಟ ಮಾತ್ರ ಬೇಡ ಮಾರಾಯ್ರೆ. ಕತ್ತಲೆ ಇದೆ, ಯಾರೂ ಮುಟ್ಟಲ್ಲ ಅಂತ ನಾನೂ ಎರಡು ಬಾಟಲಿ ಅಡಿಕೆ ಮೂಟೆ ಪಕ್ಕ ಇಟ್ಟಿದ್ದೆ. ಮೇ ತಿಂಗಳಲ್ಲಿ ಹತ್ತಿ ನೋಡಿದರೆ ಒಂದರ ಕಾರ್ಕ್ ಮೇಲಕ್ಕೆ ಉಬ್ಬಿತ್ತು. ಕುತ್ತಿಗೆಯಿಂದ ಲೇಬಲ್‌ವರೆಗೆ ಅಂಟಂಟು ಕೆಂಪು ಗೆರೆ, ಅದರ ಮೇಲೆ ಇರುವೆ ಸಾಲು. ಹೆಂಚು ಕಾದು ಒಳಗಿನ ವೈನ್ ಹಿಗ್ಗಿದೆ, ಅಷ್ಟೇ. ಕುಡಿದರೆ ಬೇಯಿಸಿದ ಹಣ್ಣಿನ ರುಚಿ.

ಆಮೇಲೆ ಒಂದು ಥರ್ಮಾಮೀಟರ್ ತಂದು ಅಲ್ಲಲ್ಲಿ ನೇತುಹಾಕಿ ನೋಡಿದೆ. ಅಟ್ಟದಲ್ಲಿ ಬೆಳಿಗ್ಗೆ 24, ಮಧ್ಯಾಹ್ನ 38. ಮಣ್ಣಿನ ಗೋಡೆಯ ಒಳಕೋಣೆಯಲ್ಲಿ ಇಡೀ ದಿನ 25ರಿಂದ 27. ವೈನಿಗೆ 12–13 ಡಿಗ್ರಿ ಒಳ್ಳೇದು ಅಂತಾರೆ. ನಮ್ಮಲ್ಲಿ ಅದು ಡಿಸೆಂಬರ್ ಬೆಳಗಿನ ಜಾವ ಸಿಕ್ಕರೆ ಸಿಕ್ಕಿತು! ಆದರೆ ಕೆಲವು ತಿಂಗಳ ಮಟ್ಟಿಗೆ ದಿನಾ ಏರಿ ಇಳಿಯುವ ಸೆಕೆಯೇ ಜಾಸ್ತಿ ಕೆಡಿಸುತ್ತೆ. ಒಳಕೋಣೆ ಮಂಚದ ಕೆಳಗೆ ಇಡಿ. ಒಲೆ ಇರುವ ಗೋಡೆಗೆ ತಾಗಿಸಬೇಡಿ. ಕಾರ್ಕ್ ಇದ್ದರೆ ಅಡ್ಡ ಮಲಗಿಸಿ, ವೈನ್ ತಾಗಿ ಕಾರ್ಕ್ ಒಣಗಲ್ಲ. ಒಣಗಿದರೆ ಸಂದಿಯಲ್ಲಿ ಗಾಳಿ ಹೋಗುತ್ತೆ. ತಿರುಪು ಮುಚ್ಚಳದ್ದು ನಿಲ್ಲಿಸಿದರೂ ನಡೆಯುತ್ತೆ.

ಆಗುಂಬೆ ಹತ್ತಿರದಿಂದ:
ಮಳೆಗಾಲದ್ದು ನಾನು ಹೇಳ್ತೀನಿ. ಜುಲೈನಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು, ಬಾಟಲಿ ಬಿಡುತ್ತಾ? ಲೇಬಲ್ ಕಪ್ಪಾಗಿ ಕಳಚಿ ಬಿತ್ತು. ಕಾರ್ಕ್ ತುದಿಗೆ ಬಿಳಿ ಹಸಿರು ಬೂಸ್ಟು. ಹೆದರಿ ಚೆಲ್ಲಲು ಹೊರಟಿದ್ದೆ, ಮಗ ತಡೆದ. ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ ತೆಗೆದೆವು, ಒಳಗೆ ಏನೂ ಆಗಿರಲಿಲ್ಲ. ಥಂಡಿ ಕಾರ್ಕಿಗೆ ಒಳ್ಳೇದೇ, ಕೆಡೋದು ಕಾಗದ. ರಟ್ಟಿನ ಪೆಟ್ಟಿಗೆ ಬಿಟ್ಟು ಮರದ ಹಣ್ಣಿನ ಪೆಟ್ಟಿಗೆಯಲ್ಲಿಡಿ. ಯಾವ ವೈನ್ ಅಂತ ಗಾಜಿನ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ನವೆಂಬರ್‌ನಲ್ಲಿ ಎಲ್ಲವೂ ಒಂದೇ.

ಶಿವಮೊಗ್ಗ ಪೇಟೆಯಿಂದ:
ನಮ್ಮದು ಆರ್‌ಸಿಸಿ ಮನೆ, ಮಣ್ಣಿನ ಗೋಡೆಯ ಭಾಗ್ಯ ಇಲ್ಲ. ಏಪ್ರಿಲ್, ಮೇ ಎರಡು ತಿಂಗಳು ಫ್ರಿಡ್ಜಿನ ತರಕಾರಿ ಡಬ್ಬದಲ್ಲಿಡ್ತೀವಿ. ವರ್ಷಗಟ್ಟಲೆ ಅಲ್ಲೇ ಬೇಡ, ಒಣ ಗಾಳಿಗೆ ಕಾರ್ಕ್ ಒಣಗುತ್ತೆ. ಫ್ರಿಡ್ಜ್ ತಲೆ ಮೇಲೆ ಇಡೋರೂ ಇದ್ದಾರೆ. ಅಲ್ಲಿ ಬಿಸಿಯೂ ಇದೆ, ನಡುಕವೂ ಇದೆ. ತೆರೆದ ಮೇಲೆ ಕೆಂಪಾದರೂ ಮುಚ್ಚಿ ಫ್ರಿಡ್ಜಿಗೇ. ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಸಾಗರದಿಂದ:
ಮನೆಯಲ್ಲಿ ಮಾಡಿದ ನೆಲ್ಲಿಕಾಯಿ ವೈನ್ ಇದ್ದರೆ ಈ ಲೆಕ್ಕ ಬೇರೆ. ಹುಳಿಯೋದು ಪೂರ್ತಿ ನಿಲ್ಲುವ ಮೊದಲೇ ಚಿಕ್ಕಮ್ಮ ಬಿಗಿಯಾಗಿ ಮುಚ್ಚಿಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಢಂ ಅಂತು. ಕೋವಿ ಶಬ್ದ ಅಂತ ಮಾವ ಟಾರ್ಚ್ ಹಿಡಿದು ತೋಟಕ್ಕೆ ಓಡಿದ್ದರು.

ಹೊಸನಗರದಿಂದ, ಕೇಳಿದವರು:
ಈಗ ತೆಗೆದು ನೋಡಿದೆ. ನಾಲ್ಕಕ್ಕೆ ತಿರುಪು ಮುಚ್ಚಳ, ಎರಡು ಕೆಂಪಿಗೆ ಮಾತ್ರ ಕಾರ್ಕ್. ಅವೆರಡು ಅಜ್ಜಿ ಮಂಚದ ಕೆಳಗೆ ಮಲಗಿವೆ. ಅಜ್ಜಿಗೆ ಹಣ್ಣಿನ ಷರಬತ್ತು ಅಂತ ಹೇಳಿದ್ದೀನಿ.